ವಸ್ತ್ರದ ಮರೆಯ ಐದು ಬೆರಳು

ಮಳೆಗಾಲದ ಮೊದಲ ದಿನಗಳಲ್ಲಿ ಬೆಲ್ಲ ಬೆವರುತ್ತದೆ. ನಿಮಗೆ ಇದು ಗೊತ್ತಿರಲಿಕ್ಕಿಲ್ಲ. ಬೆಲ್ಲದ ವ್ಯಾಪಾರವಿದ್ದ ಮನೆಯಲ್ಲಿ ಬೆಳೆದವರಿಗೆ ಮಾತ್ರ ಗೊತ್ತಾಗುವ ಸಂಗತಿ. ಸುಗ್ಗಿಯಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದ ಪೆಂಟೆ, ಎಂದರೆ ಬೆಲ್ಲದ ಮುದ್ದೆ, ತಂಪು ಗಾಳಿ ಸೋಕಿದ್ದೇ ತಡ, ಮೈಯೆಲ್ಲ ಒದ್ದೆ ಮಾಡಿಕೊಂಡು, ಸುತ್ತಿದ ಬಟ್ಟೆಯನ್ನು ತನಗೇ ಅಂಟಿಸಿಕೊಂಡು ಕೂತುಬಿಡುತ್ತದೆ. ಅಂಥ ಒಂದು ಪೆಂಟೆ ಈಗ ನನ್ನ ಮೇಜಿನ ಮೇಲೆ, ವ್ಯಾಕರಣದ ಪುಸ್ತಕಗಳ ಪಕ್ಕದಲ್ಲಿ ಇದೆ. ಒಂದು ಇರುವೆ ಆಗಲೇ ಅದರ ಸುತ್ತ ಪ್ರದಕ್ಷಿಣೆ ಹಾಕಿ, ಬಳಗವನ್ನು ಕರೆಯಲು ಹೋಗಿದೆ.

ಇದನ್ನು ತಂದವರು ಮಮದಾಪುರದ ಕಬ್ಬಿನ ರೈತರು, ಬಸಲಿಂಗಪ್ಪ. ಜೊತೆಗೆ ಅವರ ಮಗಳು ನೀಲವ್ವ. ಯುದ್ಧದಿಂದಾಗಿ ಪೆಟ್ರೋಲು ಸಿಗುವುದಿಲ್ಲ. ಇದ್ದಿಲು ಉರಿಸಿಕೊಂಡು ಓಡುವ ಮೋಟಾರಿನಲ್ಲಿ ಹುಕ್ಕೇರಿಗೆ ಬಂದು ಇಳಿದಾಗ ತಂದೆ ಮಗಳಿಬ್ಬರ ಮುಖಕ್ಕೂ ಮಸಿ ಹತ್ತಿತ್ತು. ಕಾಲು ತೊಳೆದು ಒಳಗೆ ಬಂದು, ಪೆಂಟೆಯನ್ನು ಮೇಜಿನ ಮೇಲಿಟ್ಟು, ಬಸಲಿಂಗಪ್ಪ ಕೈ ಜೋಡಿಸಿದರು.

"ಮಾಸ್ತರ್ರ, ಹುಡುಗಿ ಮ್ಯಾಟ್ರಿಕ್ ಪಾಸಾಗ್ಯಾಳ್ರಿ. ಗೋಕಾಕದಾಗ ಅವರ ಅತ್ತಿ ಮನ್ಯಾಗ ಇದ್ದು ಕಲಿತಾಳ. ಒಂದು ಚಲೋ ಕಾಲೇಜ ನೋಡಿ ಕೊಡ್ರಿ. ಶಾಣ್ಯಾ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡೂ ಅಂಥಾದ್ದು."

ಒಂದು ಜೋಡಿ ಎತ್ತು ನೋಡಿ ಕೊಡ್ರಿ ಎನ್ನುವ ಧಾಟಿಯಲ್ಲೇ ಹೇಳಿದರು. ಅದರಲ್ಲಿ ಅವರ ತಪ್ಪಿಲ್ಲ. ಈ ಭಾಗದಲ್ಲಿ ನನಗೆ ಅಂಥದೊಂದು ಹೆಸರು ಬಂದುಬಿಟ್ಟಿದೆ. ನಾನು ಹುಕ್ಕೇರಿಯ ಇಂಗ್ಲಿಷ್ ಸಾಲೆಯ ಮಾಸ್ತರ. ಕಾಲೇಜಿನಲ್ಲಿ ಒಂದು ದಿನವೂ ಪಾಠ ಹೇಳಿದವನಲ್ಲ. ಆದರೂ ಜನ ನನ್ನನ್ನು 'ಕಾಲೇಜ ಮಾಸ್ತರ' ಎನ್ನುತ್ತಾರೆ. ಯಾವ ಕಾಲೇಜಿನಲ್ಲಿ ಜಾಣರಿಗೆ ಶುಲ್ಕವಿಲ್ಲ, ಎಲ್ಲಿ ಹೆಣ್ಣುಮಕ್ಕಳಿಗೆ ವಸತಿ ಇದೆ ಎಂದು ಪತ್ರ ಬರೆದು ವಿಚಾರಿಸಿ ಇಟ್ಟುಕೊಂಡಿರುವುದು ಬಿಟ್ಟರೆ ನಾನು ಮಾಡುವುದು ಸಲಹೆ ಕೊಡುವ ಕೆಲಸವೊಂದೇ. ಸಲಹೆಗೆ ಏನೂ ಖರ್ಚಾಗುವುದಿಲ್ಲವಾದ್ದರಿಂದ ಧಾರಾಳವಾಗಿಯೇ ಕೊಡುತ್ತೇನೆ.

ನೀಲವ್ವನ ಅಂಕಗಳನ್ನು ನೋಡಿದೆ. ನಿಜಕ್ಕೂ ಜಾಣೆ. ಕಾಲೇಜಿನ ಶುಲ್ಕದ ಚಿಂತೆ ಇಲ್ಲ. ಇಷ್ಟು ಅಂಕ ತೆಗೆದವರನ್ನು ಯಾವ ಕಾಲೇಜೂ ಕಳೆದುಕೊಳ್ಳುವುದಿಲ್ಲ. ಇರುವ ತೊಡಕು ವಸತಿ ಮತ್ತು ಊಟದ ಹಣದ್ದು. ಅದನ್ನು ಕಟ್ಟಲಾಗದೆ ಮನೆಗೆ ಮರಳಿದ ಜಾಣರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. "ಮೊದಲ ಊಟ ಮಾಡ್ರಿ, ಆಮ್ಯಾಲ ಮಾತಾಡೂಣ" ಎಂದೆ. ಅವರು ಒಳಗೆ ಹೋದರು. ಮೂಲೆಯ ಕುರ್ಚಿಯಲ್ಲಿ ನೆರೆಮನೆಯ ನಿವೃತ್ತ ಶಿರಸ್ತೇದಾರರು ದಿನದಂತೆ ನನ್ನ ಪತ್ರಿಕೆಯನ್ನು ಓದುತ್ತ, ಜರ್ಮನರಿಗೆ ಬುದ್ಧಿ ಹೇಳುತ್ತ ಕೂತಿದ್ದರು. ನಾನು ಸುಮ್ಮನಿರಲಾರದೆ ಪೆಂಟೆಯ ಮೇಲೆ ಬೆರಳಾಡಿಸಿ ನಾಲಗೆಗೆ ಹಚ್ಚಿಕೊಂಡೆ. ಅಷ್ಟೇ ಆದದ್ದು. ಗುರುಪಾದ ಮಾಮಾ ಬಂದು ಪಕ್ಕದಲ್ಲಿ ಕೂತ ಹಾಗಾಯಿತು.

ಗುರುಪಾದಪ್ಪ ನನ್ನ ತಾಯಿಯ ಅಣ್ಣ. ನನ್ನ ತಂದೆ ಬೇಗ ತೀರಿಕೊಂಡರು. ಅವ್ವ ನನ್ನನ್ನು ಕರೆದುಕೊಂಡು ಮೂಡಲಗಿಗೆ, ಮಾಮಾನ ಮನೆಗೆ ಬಂದಳು. ಮಾಮಾನ ಹೆಂಡತಿಯೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಹೀಗೆ ಒಬ್ಬ ವಿಧುರ, ಒಬ್ಬ ವಿಧವೆ, ಒಂದು ಕೂಸು ಸೇರಿ ಆದ ಸಂಸಾರ ನಮ್ಮದು. ಹೊರಗಿನವರಿಗೆ ಇದು ಕನಿಕರದ ಮನೆಯಂತೆ ಕಂಡಿರಬಹುದು. ಒಳಗೆ ಇದ್ದವರಿಗೆ ಹಾಗೆ ಅನಿಸಲಿಲ್ಲ. ಮಾಮಾ ಬಾಯಿ ತೆರೆದರೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಅವನು ಬೆಲ್ಲದ ದಲಾಲಿ; ಅದಕ್ಕೊಂದು ಸಣ್ಣ ಅಂಗಡಿ ಇತ್ತು. ಸುಗ್ಗಿಯಲ್ಲಿ ಸುತ್ತಲಿನ ಹಳ್ಳಿಗಳಿಂದ ಚಕ್ಕಡಿಗಟ್ಟಲೆ ಬೆಲ್ಲ ಮೂಡಲಗಿಗೆ ಬರುತ್ತಿತ್ತು. ರೈತನಿಗೂ ಸಾಹುಕಾರನಿಗೂ ನಡುವೆ ನಿಂತು ದರ ಕೂಡಿಸಿಕೊಡುವುದು ಮಾಮಾನ ಉದ್ಯೋಗ. ಅವನು ಬೆಲ್ಲ ನೋಡುವುದನ್ನು ನೀವು ನೋಡಬೇಕಿತ್ತು. ಎಲ್ಲರಿಗೂ ಕಾಣುವಂತೆ ಮೇಲಿಟ್ಟ ಹೊಂಬಣ್ಣದ ಪೆಂಟೆಯ ಕಡೆಗೆ ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅಡಿಯಲ್ಲಿದ್ದ ಒಂದನ್ನು ಎಳೆದು, ಒಡೆದು, ಒಳಗಿನ ಚೂರನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದ. ಸವಳು ಭೂಮಿಯಲ್ಲಿ ಬೆಳೆದ ಕಬ್ಬಾದರೆ ಬೆಲ್ಲದಲ್ಲಿ ಉಪ್ಪಿನ ರುಚಿ ಇರುತ್ತದೆ. "ಮ್ಯಾಲ ಹೊಳಪೈತಿ, ಒಳಗ ಉಪ್ಪೈತಿ" ಎಂದು ಅವನು ಹೇಳಿದನೆಂದರೆ ಮುಗಿಯಿತು. ಈ ಮಾತನ್ನು ಅವನು ಬೆಲ್ಲಕ್ಕೆ ಮಾತ್ರ ಹೇಳುತ್ತಿರಲಿಲ್ಲ. ಹೊಸ ಫೌಜದಾರನಿಗೂ, ಮದುವೆಗೆ ಬಂದ ಗಂಡಿಗೂ, ಒಮ್ಮೆ ನನ್ನ ಇಂಗ್ಲಿಷ್ ಅಕ್ಷರಕ್ಕೂ ಹೇಳಿದ್ದುಂಟು.

ದರ ಕೂಡಿಸುವುದು ಬಾಯಿಂದ ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಮಾರುವವನೂ ಕೊಳ್ಳುವವನೂ ಎದುರುಬದುರು ನಿಲ್ಲುತ್ತಾರೆ. ಒಬ್ಬ ತನ್ನ ಹೆಗಲ ವಸ್ತ್ರವನ್ನು ತೆಗೆದು ಇಬ್ಬರ ಕೈಯ ಮೇಲೆ ಹಾಕುತ್ತಾನೆ. ಆ ಮರೆಯಲ್ಲಿ ಒಬ್ಬರು ಇನ್ನೊಬ್ಬರ ಬೆರಳು ಒತ್ತುತ್ತಾರೆ. ಎರಡು ಬೆರಳು ಹಿಡಿದರೆ ಎರಡು, ಮೂರು ಹಿಡಿದರೆ ಮೂರು, ಇಡೀ ಕೈ ಹಿಡಿದರೆ ಐದು. ಬಾಯಿ ಮಾತ್ರ ಮಳೆಯ ಸುದ್ದಿಯನ್ನೋ ಮಗಳ ಬಾಣಂತನದ ಸುದ್ದಿಯನ್ನೋ ಆಡುತ್ತಿರುತ್ತದೆ. ಸುತ್ತ ನಿಂತವರಿಗೆ ಕಾಣುವುದು ಅಲುಗುವ ಬಟ್ಟೆಯಷ್ಟೇ. ವ್ಯವಹಾರ ಕೂಡಿದ ಮೇಲೆ ಬಾಯಲ್ಲಿ ಏನು ಬೇಕಾದರೂ ಹೇಳಿಕೊಳ್ಳಬಹುದು. ಬೆರಳು ಹೇಳಿದ್ದೇ ಖರೆ.

"ಹಿಂಗ್ಯಾಕ ಮಾಡ್ತೀರಿ ಮಾಮಾ? ಬಾಯಿಲೆ ಹೇಳಿದ್ರ ಏನಾಗ್ತೈತಿ?" ಎಂದು ನಾನು ಸಣ್ಣವನಿದ್ದಾಗ ಕೇಳಿದ್ದೆ.

"ಒಬ್ಬಾಂವಗ ಮನ್ಯಾಗ ಅಡಚಣಿ ಇರ್ತೈತಿ, ತಮ್ಮಾ. ಅಂವ ಕಮ್ಮಿಗೆ ಒಪ್ಪತಾನ. ಅದು ಬಾಜೂ ನಿಂತಾಂವಗ ಯಾಕ ಗೊತ್ತಾಗಬೇಕು? ವಸ್ತ್ರದಾಗಿನ ಮಾತು ವಸ್ತ್ರದಾಗ ಇರಬೇಕು."

ನಾನು ಮ್ಯಾಟ್ರಿಕ್ ಪಾಸಾದದ್ದು ಗೋಕಾಕದಲ್ಲಿ. ಅಂಕಗಳು ಚೆನ್ನಾಗಿ ಬಂದವು; ಹೇಗೆ ಬಂದವೋ ನನಗೂ ಆಶ್ಚರ್ಯವೇ. ಹೆಡ್‌ಮಾಸ್ತರರು ಮಾಮಾನನ್ನು ಕರೆಸಿ, "ಇವನನ್ನು ಅಂಗಡಿಯಲ್ಲಿ ಕೂರಿಸಬೇಡಿ. ಜಾಣ ಹುಡುಗರಿಗೆ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಇರುತ್ತದೆ, ವಿಚಾರಿಸಿ" ಎಂದರು. ಮಾಮಾನಿಗೆ ಅಷ್ಟೇ ಸಾಕಾಯಿತು. ಅವನು ಸಾಲೆಯ ಮೆಟ್ಟಿಲಿಳಿಯುವ ಹೊತ್ತಿಗೆ ಅವನ ಮನಸ್ಸಿನಲ್ಲಿ ನಾನು ಮುನ್ಸೀಫನಾಗಿದ್ದೆ.

ಆದರೆ ಸಂಗತಿ ಅಷ್ಟು ಹಗುರಾಗಿರಲಿಲ್ಲ. ಮಾಮಾನಿಗೆ ಆಗಲೇ ಕಣ್ಣು ಮಂದವಾಗುತ್ತಿತ್ತು. ಅಂಗಡಿಯ ಲೆಕ್ಕ ಬರೆಯಲು, ಊರೂರು ತಿರುಗಲು ಒಬ್ಬ ಬೇಕಾಗಿತ್ತು. ಆ ಒಬ್ಬ ನಾನೇ ಎಂದು ಎಲ್ಲರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಸ್ಕಾಲರ್‌ಶಿಪ್ ಸಿಕ್ಕರೆ ಕಾಲೇಜು, ಸಿಗದಿದ್ದರೆ ಬೆಲ್ಲದ ಅಂಗಡಿ. ನಡುವೆ ಬೇರೆ ದಾರಿ ಇರಲಿಲ್ಲ. ನನಗೆ ಕಾಲೇಜಿಗೆ ಹೋಗುವ ಆಸೆ ಎಷ್ಟಿತ್ತೆಂದರೆ, ಅದನ್ನು ಬಾಯಿ ಬಿಟ್ಟು ಹೇಳಲು ಹೆದರಿಕೆಯಾಗುತ್ತಿತ್ತು.

ಚಲೋ ಕಾಲೇಜು ಹುಡುಕುವ ಕೆಲಸವನ್ನು ಮಾಮಾ ಸಂತೆಯಲ್ಲಿ ಶುರು ಮಾಡಿದ. ಅವನಿಗೆ ಗೊತ್ತಿದ್ದ ದಾರಿ ಅದೇ. ಮೂಡಲಗಿಯ ಸಂತೆ, ಗೋಕಾಕದ ಸಂತೆ, ಹುಕ್ಕೇರಿಯ ಸಂತೆ, ಎಲ್ಲಿ ಹೋದರೂ ಮೊದಲು ಬೆಲ್ಲದ ದರ ಕೇಳುವುದು, ಆಮೇಲೆ ಕಾಲೇಜಿನದು. ಗೋಕಾಕದ ಒಬ್ಬ ವಕೀಲರು ಪುಣೆಯ ಕಾಲೇಜನ್ನು ಬಾಯಿ ತುಂಬ ಹೊಗಳಿದರಂತೆ. "ನಮ್ಮ ಹುಡುಗ ಅಲ್ಲೇ ಅದಾನ್ರಿ. ಎಷ್ಟು ಚಲೋ ಕಾಲೇಜ ಅಂದ್ರ, ಮೂರು ವರ್ಷಾತು, ಮೊದಲನೇ ವರ್ಗ ಬಿಟ್ಟ ಬರಾಕ ಒಲ್ಲ." ಹುಕ್ಕೇರಿಯ ಒಬ್ಬ ಅರಿವೆ ವ್ಯಾಪಾರಿ ಮತ್ತೊಂದು ಊರಿನ ಕಾಲೇಜಿನ ಸುದ್ದಿ ಕೊಟ್ಟ, ಅಲ್ಲಿ ಹುಡುಗರು ಬೂಟು ಹಾಕಿಕೊಂಡೇ ಊಟಕ್ಕೆ ಕೂಡುತ್ತಾರಂತೆ. ಅವ್ವ ಅದನ್ನು ಕೇಳಿದ್ದೇ "ಆ ಊರ ಹೆಸರ ತಗೀಬ್ಯಾಡ್ರಿ" ಎಂದಳು. ಹಾಗೆ ಒಂದು ಕಾಲೇಜು ನಮ್ಮ ಅಡುಗೆಮನೆಯಲ್ಲೇ ಬಿದ್ದುಹೋಯಿತು.

ಕೊನೆಗೆ ಮಾಮಾ, "ಮಂದಿ ಮಾತು ಕೇಳಿ ಯಾರಾದ್ರೂ ಬೆಲ್ಲ ತಗೋತಾರೇನು? ಹೋಗಿ ನೋಡೂಣು ನಡಿ" ಎಂದ. ಅವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಗೋಕಾಕ ರೋಡ ಸ್ಟೇಶನ್ನಿನಲ್ಲಿ ರೈಲು ಹತ್ತಿದೆವು. ರೈಲಿನಲ್ಲಿ ಕೂತ ಮೇಲೆ ಮಾಮಾ ಒಂದು ಪುಡಿಕೆ ಬಿಚ್ಚಿದ, ಗೋಕಾಕದ ಕರದಂಟು. ನಾನು ಹೆದರಿದ್ದೇನೆಂದು ಅವನಿಗೆ ಗೊತ್ತಾಗಿತ್ತು. ಬಾಯಿಗೆ ಅಂಟು ಹಾಕಿದರೆ ಹೆದರಿಕೆಯ ಮಾತು ಹೊರಗೆ ಬರುವುದಿಲ್ಲವೆಂದು ಅವನ ಲೆಕ್ಕವಿದ್ದೀತು.

ನೋಡಿದ ಕಾಲೇಜುಗಳು ಎರಡು. ಊರಿನ ಹೆಸರು ಹೇಳುವುದಿಲ್ಲ. ಎರಡೂ ಕಡೆಯಿಂದ ನನಗೆ ಪತ್ರ ಬರುವುದು ಬೇಡ. ಮೊದಲನೆಯದು ಅರಮನೆಯಂತಿತ್ತು. ಕಲ್ಲಿನ ಕಂಬಗಳು, ಹೂವಿನ ತೋಟ. ನಾನು ಬಾಯಿ ತೆರೆದು ನೋಡುತ್ತಿದ್ದರೆ ಮಾಮಾ ಕಂಬಗಳ ಕಡೆ ನೋಡದೆ, ಹಿಂದೆ ಎಲ್ಲಿಯೋ ಇದ್ದ ಬೋರ್ಡಿಂಗ್ ಹುಡುಕಿಕೊಂಡು ಹೋದ. ಊಟದ ವೇಳೆ. ಬಾಗಿಲ ಎದುರಿನ ಕಟ್ಟೆಯ ಮೇಲೆ ಕೂತು, ಉಂಡು ಹೊರಬರುವ ಹುಡುಗರ ಮುಖಗಳನ್ನೇ ನೋಡಿದ. ಅವರು ಒಬ್ಬೊಬ್ಬರಾಗಿ, ಮಾತಿಲ್ಲದೆ, ಕೈ ತೊಳೆದುಕೊಂಡು ಹೊರಟುಹೋಗುತ್ತಿದ್ದರು. ಸ್ಕಾಲರ್‌ಶಿಪ್ಪಿನವರಿಗೆ ಬೇರೆ ಸಾಲು ಎಂದು ಮಾಮಾ ಕೇಳಿದ್ದಕ್ಕೆ ಒಬ್ಬ ಹುಡುಗ ಹೇಳಿದ. ಅವನು ಹೇಳುವಾಗ ನೆಲ ನೋಡಿದ. ಮಾಮಾ ಎದ್ದು ಧೋತರ ಕೊಡವಿಕೊಂಡ.

"ನಡಿ ತಮ್ಮಾ. ಇದು ಸವಳು ಭೂಮಿ."

"ಪ್ರಿನ್ಸಿಪಾಲರನ್ನ ನೋಡೂದ ಬ್ಯಾಡೇನು ಮಾಮಾ?"

"ಒಡೆದು ನೋಡಿದ ಮ್ಯಾಲ ಮ್ಯಾಲಿನ ಪೆಂಟಿ ಏನ್ ನೋಡೂದು?"

ನನಗೆ ಅಳು ಬಂದಿತು. ಅಷ್ಟು ದೊಡ್ಡ ಕಾಲೇಜನ್ನು ಒಂದು ಕಟ್ಟೆಯ ಮೇಲೆ ಕೂತು ತಿರಸ್ಕರಿಸಿಬಿಟ್ಟನಲ್ಲ ಎಂದು.

ಎರಡನೆಯದು ಹೆಂಚಿನ ಕಟ್ಟಡ. ಬೋರ್ಡಿಂಗಿಗೆ ನಾವು ಹೋದಾಗ ಒಳಗೆ ಗದ್ದಲವೋ ಗದ್ದಲ. ಎರಡನೆಯ ಸಲ ಸಾರು ಯಾರಿಗೆ ಮೊದಲು ಎಂದು ಇಬ್ಬರು ಹುಡುಗರು ಜಗಳ ಆಡುತ್ತಿದ್ದರು, ಅಡುಗೆಯವನು ಇಬ್ಬರನ್ನೂ ಬೈಯುತ್ತ ಇಬ್ಬರಿಗೂ ಬಡಿಸುತ್ತಿದ್ದ. ಬೈಗುಳ ಕೇಳಿ ಮಾಮಾನ ಮುಖ ಅರಳಿತು. "ಇಲ್ಲಿ ಚಲೋ ಐತಿ" ಎಂದ. ಅಲ್ಲಿ ಏನು ಕಲಿಸುತ್ತಾರೆ ಎಂಬ ಪ್ರಶ್ನೆ ಅವನಿಗೆ ಹೊಳೆಯಲೂ ಇಲ್ಲ. ಆದರೂ ಇಷ್ಟು ವರ್ಷ ನೂರಾರು ಹುಡುಗರಿಗೆ ಕಾಲೇಜು ಹೇಳಿದ ಮೇಲೆ ನಿಮಗೊಂದು ಮಾತು ಹೇಳುತ್ತೇನೆ: ನಾನೂ ಈಗ ಮೊದಲು ಊಟದ ಮನೆಯನ್ನೇ ವಿಚಾರಿಸುವುದು.

ಪ್ರಿನ್ಸಿಪಾಲರು ದೂರದ ಊರಿನವರು, ಕನ್ನಡವನ್ನು ಪುಸ್ತಕದಿಂದ ಕಲಿತವರು. ಅಚ್ಚಿನಲ್ಲಿ ಇರುವ ಹಾಗೆಯೇ ಮಾತನಾಡುತ್ತಿದ್ದರು. ಅವರ ಕೋಣೆಯಲ್ಲಿ ಮೊದಲೇ ಇಬ್ಬರು ಕೂತಿದ್ದರು, ತಲೆಗೆ ಜರಿ ರುಮಾಲು ಸುತ್ತಿದ, ಬೇರೆ ಹುಡುಗರ ತಂದೆಯರು. ಬದಿಯಲ್ಲಿ ಒಬ್ಬ ಕಾರಕೂನ. ನಮಗೆ ಕುರ್ಚಿ ಉಳಿದಿರಲಿಲ್ಲವಾದ್ದರಿಂದ ಮೇಜಿನ ಹತ್ತಿರ ನಿಂತೆವು. ಪ್ರಿನ್ಸಿಪಾಲರು ನನ್ನ ಅಂಕಗಳನ್ನು ಎರಡು ಸಲ ನೋಡಿದರು.

"ಬಹಳ ಸಂತೋಷ. ಈ ವಿದ್ಯಾರ್ಥಿಯು ಶುಲ್ಕವನ್ನು ಕೊಡಬೇಕಾಗಿಲ್ಲ. ಊಟದ ವೆಚ್ಚಕ್ಕೆ ನಿಮ್ಮಿಂದ ಎಷ್ಟು ಸಾಧ್ಯವಾಗುತ್ತದೆ?"

ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಆದರೆ ನಮ್ಮ ಕನ್ನಡ ಬೇರೆ, ಅವರದು ನಮಗೆ ತಿಳಿಯಲಿಕ್ಕಿಲ್ಲವೆಂದು ಗಟ್ಟಿಯಾಗಿ ಕೇಳಿದರು. ಕಾರಕೂನ ಲೇಖಣಿ ಎತ್ತಿ ಹಿಡಿದ, ಬರೆದುಕೊಳ್ಳಲು. ಜರಿ ರುಮಾಲುಗಳು ಮಾಮಾನ ಕಡೆ ತಿರುಗಿದವು. ಮಾಮಾ ಒಮ್ಮೆ ಅವರನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಮರುಕ್ಷಣ ಅವನು ಹೆಗಲ ಮೇಲಿನ ವಸ್ತ್ರ ತೆಗೆದು, ಮೇಜಿನ ಮೇಲಿದ್ದ ಪ್ರಿನ್ಸಿಪಾಲರ ಬಲಗೈ ಮೇಲೆ ಹೊದಿಸಿ, ತನ್ನ ಕೈಯನ್ನು ಅದರೊಳಗೆ ತೂರಿಸಿಬಿಟ್ಟ.

ಭೂಮಿ ಬಾಯಿ ಬಿಟ್ಟರೆ ಸಾಕು ಎನಿಸಿತು ನನಗೆ. ಇಂಗ್ಲಿಷಿನಲ್ಲಿ ಅಷ್ಟು ಅಂಕ ತೆಗೆದ ನಾನು, ಬೆಲ್ಲದ ಬಜಾರಿನಂತೆ ಕಾಲೇಜಿನಲ್ಲಿ ಚೌಕಾಶಿ ಮಾಡುವ ಮಾಮಾ! ಕಾರಕೂನನ ಲೇಖಣಿಯಿಂದ ಶಾಯಿ ತೊಟ್ಟಿಕ್ಕಿತು. ಬಟ್ಟೆಯ ಒಳಗೆ ಏನೋ ಅಲುಗಿತು. ಮಾಮಾ, ಪದ್ಧತಿಯಂತೆ, "ಈ ಸಲ ನಿಮ್ಮ ಕಡೆ ಮಳಿ ಹ್ಯಾಂಗ್ರಿ?" ಎಂದು ಬೇರೆ ಕೇಳಿದ. ಪ್ರಿನ್ಸಿಪಾಲರು ಅವನ ಮುಖವನ್ನೇ ನೋಡುತ್ತಿದ್ದರು. ಕೈ ಹಿಂದೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಬಟ್ಟೆ ಮತ್ತೊಮ್ಮೆ ಅಲುಗಿತು, ಈ ಸಲ ಅವರ ಕಡೆಯಿಂದ.

"ಮಳೆ ಚೆನ್ನಾಗಿದೆ" ಎಂದರು ಅವರು. ಆಮೇಲೆ ಕಾರಕೂನನಿಗೆ, "ಈ ಹುಡುಗನ ಊಟವನ್ನೂ ಸ್ಕಾಲರ್‌ಶಿಪ್ಪಿನಲ್ಲಿ ಸೇರಿಸಿ ಬರೆದುಕೊಳ್ಳಿ" ಎಂದರು.

ಹೊರಗೆ ಬಂದ ಮೇಲೆ ನಾನು ಕೇಳಿದೆ, ಎಷ್ಟು ಒತ್ತಿದಿರಿ, ಅವರೆಷ್ಟು ಒತ್ತಿದರು ಎಂದು. ಮಾಮಾ ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡು, "ವ್ಯವಹಾರ ಕೂಡಿತು, ನಡಿ" ಎಂದ. ಅಷ್ಟೇ.

ನನ್ನ ಕಾಲೇಜಿನ ದಿನಗಳನ್ನು ಹೇಳಿ ನಿಮ್ಮನ್ನು ದಣಿಸುವುದಿಲ್ಲ. ನಾನು ಮುನ್ಸೀಫನಾಗಲಿಲ್ಲ ಎಂಬುದರಿಂದಲೇ ಅದರ ಅಂದಾಜು ಸಿಕ್ಕೀತು. ಹೇಳಬೇಕಾದದ್ದು ಬೆಲ್ಲದ ವಿಷಯ. ಮೊದಲ ವರ್ಷದ ಸುಗ್ಗಿಯಲ್ಲಿ ಬೋರ್ಡಿಂಗಿನ ಬಾಗಿಲಿಗೆ ರೈಲಿನಿಂದ ಐದು ಪೆಂಟೆ ಬೆಲ್ಲ ಬಂದಿಳಿಯಿತು. ಗೋಣಿತಟ್ಟಿನಲ್ಲಿ ಹೊಲಿದ, ಎರಡು ಕೈಯಿಂದ ಎತ್ತಬೇಕಾದ ದೊಡ್ಡ ಪೆಂಟೆಗಳು. ಮೂಡಲಗಿಯ ಗುರುಪಾದಪ್ಪ ಕಳಿಸಿದ್ದು. ಅಡುಗೆಯವನು ಕುಣಿದುಬಿಟ್ಟ. ಆ ವಾರವೆಲ್ಲ ಹೋಳಿಗೆ, ಮಾದ್ಲಿ. ಹುಡುಗರು ನನಗೆ 'ಪೆಂಟಿ' ಎಂದೇ ಹೆಸರಿಟ್ಟರು. ಮಾಮಾನ ಪ್ರೀತಿ ಎಂದುಕೊಂಡೆ. ಮರುವರ್ಷ ಮತ್ತೆ ಐದು, ಆಮೇಲಿನ ಎರಡು ವರ್ಷವೂ ಐದೈದು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ರಜೆಗೆ ಊರಿಗೆ ಹೋದಾಗ ಮಾಮಾ ಸಪ್ಪಗಿನ ಚಹಾ ಕುಡಿಯುತ್ತಿದ್ದುದನ್ನು ಕಂಡೆ. ಇದು ಸಣ್ಣ ಸಂಗತಿಯಲ್ಲ. ಅವನು ಚಹಾದಲ್ಲಿ ಬೆಲ್ಲ ಹಾಕಿಕೊಳ್ಳುತ್ತಿರಲಿಲ್ಲ, ಬೆಲ್ಲಕ್ಕೆ ಚಹಾ ಹಾಕಿಕೊಳ್ಳುತ್ತಿದ್ದ. "ವೈದ್ಯರು ಸೀ ಬ್ಯಾಡ ಅಂದಾರೋ" ಎಂದ. ಅವ್ವ ಮುಖ ಆಚೆ ತಿರುಗಿಸಿದಳು. ಹಬ್ಬದ ಹೋಳಿಗೆಯನ್ನೂ ಅವನು ಮುಟ್ಟಲಿಲ್ಲ. ನನಗೆ ನಿಜವಾಗಿಯೂ ಕಾಳಜಿಯಾಯಿತು. ಯಾವ ವೈದ್ಯರು ಎಂದು ಕೇಳಿದೆ, ಅವನು ಹುಕ್ಕೇರಿಯವರು ಎಂದ, ಮರುದಿನ ಕೇಳಿದರೆ ಗೋಕಾಕದವರು ಎಂದ.

ಬಿ. ಎ. ಮುಗಿಸಿ ಹೊರಡುವ ದಿನ ಪ್ರಿನ್ಸಿಪಾಲರಿಗೆ ನಮಸ್ಕಾರ ಮಾಡಲು ಹೋದೆ. ಅವರು ಕೂರಿಸಿಕೊಂಡು, ಬಹಳ ದಿನದಿಂದ ಇಟ್ಟುಕೊಂಡ ಪ್ರಶ್ನೆಯೊಂದನ್ನು ಕೇಳುವವರಂತೆ ಸಂಕೋಚದಿಂದ ಕೇಳಿದರು.

"ನಿಮ್ಮ ಮಾವನವರು ಪ್ರತಿ ವರ್ಷ ಐದು ಪೆಂಟೆ ಬೆಲ್ಲವನ್ನೇ ಏಕೆ ಕಳಿಸುತ್ತಾರೆ? ಬೇಡವೆಂದು ಎರಡು ಪತ್ರ ಬರೆಸಿದೆ. ಬೆಲ್ಲ ಬರುವುದು ನಿಲ್ಲಲಿಲ್ಲ."

ನನಗೆ ತಲೆಯಲ್ಲಿ ದೀಪ ಹತ್ತಿದಂತಾಯಿತು. "ಅಂದು ವಸ್ತ್ರದ ಒಳಗೆ ತಾವು ಅವನ ಕೈಯನ್ನು ಹೇಗೆ ಹಿಡಿದಿರಿ ಸರ್?" ಎಂದೆ.

"ಹೇಗೆ ಎಂದರೆ? ಅವರು ಬಟ್ಟೆ ಹೊದಿಸಿ ನನ್ನ ಎರಡು ಬೆರಳುಗಳನ್ನು ಹಿಡಿದರು. ಬಾಯಲ್ಲಿ ಮಳೆಯ ವಿಷಯ ಕೇಳಿದರು. ಪಾಪ, ಕೊಡಲು ಏನೂ ಇಲ್ಲ, ಹೇಳಲು ಆಗುತ್ತಿಲ್ಲ ಎಂದುಕೊಂಡೆ. ಏನು ಮಾಡಬೇಕೆಂದು ತಿಳಿಯದೆ ನಾನೂ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ."

ಇಡೀ ಕೈ. ಅಂದರೆ ಐದು. ಮಾಮಾ ವರ್ಷಕ್ಕೆ ಎರಡು ಪೆಂಟೆ ಎಂದಿದ್ದ. ಅವನ ಹತ್ತಿರ ಇದ್ದದ್ದು ಅದೊಂದೇ, ಬೆಲ್ಲ. ಅಂಗಡಿಗೆ ಬರುವ ಬೆಲ್ಲ ಮಂದಿಯದು; ರೈತರು ಸುಗ್ಗಿಯಲ್ಲಿ ದಲಾಲಿಗೆಂದು ಪ್ರೀತಿಯಿಂದ ಕೊಡುವ ಐದಾರು ಪೆಂಟೆಗಳಲ್ಲೇ ನಮ್ಮ ಮನೆಯ ವರ್ಷದ ಸಿಹಿ ಮುಗಿಯಬೇಕು. ಈ ದೊಡ್ಡ ಮನುಷ್ಯ ಐದು ಕೇಳಿದರೆಂದು ತಿಳಿದು ಅವನು ಒಪ್ಪಿಕೊಂಡು ಬಂದಿದ್ದ. ಬಾಯಲ್ಲಿ ಊಟ ಪುಕ್ಕಟೆ ಎಂದರೂ, ಪತ್ರದಲ್ಲಿ ಬೇಡವೆಂದರೂ ಅವನು ಏಕೆ ನಂಬುತ್ತಾನೆ? ಬೆರಳು ಹೇಳಿದ್ದೇ ಖರೆ. ನಾನು ಕಾಲೇಜಿನಲ್ಲಿ ಹೋಳಿಗೆ ಉಣ್ಣುತ್ತಿದ್ದಾಗ ಮೂಡಲಗಿಯಲ್ಲಿ ಅವನು ಇಲ್ಲದ ವೈದ್ಯನ ಮಾತು ಕೇಳುತ್ತಿದ್ದ. ಪ್ರಿನ್ಸಿಪಾಲರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಮ್ಮ ಬಲಗೈಯನ್ನು ಮೇಜಿನ ಮೇಲೆ ಚಾಚಿ ಬಹಳ ಹೊತ್ತು ನೋಡಿಕೊಂಡರು. ಕನ್ನಡಕ ತೆಗೆದು ಒರೆಸಿಕೊಂಡರು.

ಊರಿಗೆ ಬಂದು, ಚೀಲ ಕೆಳಗಿಡುವ ಮೊದಲೇ ಮಾಮಾನನ್ನು ಹಿಡಿದೆ.

"ಮಾಮಾ, ಅವರಿಗೆ ಬೆರಳ ಮಾತು ಗೊತ್ತ ಇರಲಿಲ್ಲ. ಅವರು ಐದು ಕೇಳಿರಲಿಲ್ಲ. ಸುಮ್ನ ಕೈ ಹಿಡದ್ರು, ಅಷ್ಟ."

ಮಾಮಾ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಹಚ್ಚುತ್ತಲೇ ಇದ್ದ.

"ಗೊತ್ತೈತಿ."

"ಗೊತ್ತೈತಿ? ಯಾವಾಗ ಗೊತ್ತಾತು?"

"ಅವಾಗ. ಕೈ ಮುಟ್ಟಿದ ಕೂಡ್ಲೆ. ಹತ್ತಿ ಹಂಗ ಮೆತ್ತಗಿತ್ತೋ ಅವರ ಕೈ. ಅದರಾಗ ವ್ಯಾಪಾರ ಇರಲಿಲ್ಲ."

"ಮತ್ತ ಯಾಕ ಕಳಿಸಿದ್ರಿ? ನಾಲ್ಕು ಸುಗ್ಗಿ ಸಪ್ಪನ ಚಾ ಕುಡಕೊಂತ!"

"ಅವರಿಗೆ ತಿಳೀದಿದ್ರ ಏನಾತು?" ಎಂದ ಮಾಮಾ. "ನನಗ ತಿಳೀತಲ್ಲ. ಐದು ಅಂತ ತಿಳೀತು, ಹೂಂ ಅಂದೆ. ನೀ ಅಲ್ಲಿ ತಲಿ ಎತ್ತಿ ಉಣಬೇಕಾಗಿತ್ತು ತಮ್ಮಾ. ನೆಲ ನೋಡಿ ಉಣಬಾರದು."

ನಿಜವಾಗಿಯೂ ಅವನಿಗೆ ಆಗಲೇ ಗೊತ್ತಾಗಿತ್ತೋ, ಅಥವಾ ದಲಾಲಿಯಾದವನು ಬೆರಳು ತಪ್ಪಾಗಿ ಓದಿದೆ ಎಂದು ಒಪ್ಪಿಕೊಳ್ಳಲು ನಾಚಿ ಹಾಗೆ ಹೇಳಿದನೋ, ನಾನು ಇವತ್ತಿಗೂ ತೀರ್ಮಾನಿಸಿಲ್ಲ. ತೀರ್ಮಾನಿಸುವ ಅಗತ್ಯವೂ ಕಾಣಲಿಲ್ಲ. ನಾನು ಅವನ ತೊಡೆಯ ಮೇಲೆ ತಲೆಯಿಟ್ಟು, ಇಷ್ಟು ದೊಡ್ಡವನಾಗಿ, ಅತ್ತುಬಿಟ್ಟೆ. ಅವನು ಒಳಗೆ ಕೂಗಿ ಹೇಳಿದ: "ತಂಗೀ, ಚಾ ಮಾಡು. ಬೆಲ್ಲ ಹಾಕು, ಕೈ ಬಿಟ್ಟು ಹಾಕು. ವೈದ್ಯರು ಇವತ್ತಿನಿಂದ ನಡೀತೈತಿ ಅಂದಾರ."

ಮಾಮಾ ಹೋಗಿ ಕೆಲವು ವರ್ಷಗಳಾದವು. ಕಡೆಗಾಲದಲ್ಲಿ ಕಣ್ಣು ಪೂರ್ತಿ ಹೋಗಿತ್ತು. ಆದರೂ ನಾನು ಹತ್ತಿರ ಹೋಗಿ ಕೂತು ಕೈ ಹಿಡಿದರೆ, ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, "ಐದೂ ಅದಾವು, ಸಾಕು" ಎನ್ನುತ್ತಿದ್ದ.

ಒಳಗಿನಿಂದ ಬಸಲಿಂಗಪ್ಪ ಮತ್ತು ನೀಲವ್ವ ಉಂಡು ಬಂದರು. ನಾನು ಕನ್ನಡಕ ಹಾಕಿಕೊಂಡು ಮಾಸ್ತರನಾದೆ. ಕಾಲೇಜಿನ ಹೆಸರು ಹೇಳಿದೆ. ಶುಲ್ಕ ಇರುವುದಿಲ್ಲ, ಹೆಣ್ಣುಮಕ್ಕಳ ವಸತಿ ಚೆನ್ನಾಗಿದೆ, ಅಲ್ಲಿ ಊಟಕ್ಕೆ ಬೇರೆ ಸಾಲು ಇಲ್ಲ ಎಂದೆ. ನೀಲವ್ವ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಆ ಮುಖ ನನಗೆ ಗೊತ್ತು. ಆಸೆಯನ್ನು ಬಾಯಿ ಬಿಟ್ಟು ಹೇಳಲು ಹೆದರುವ ಮುಖ. ವಸತಿಯ ಖರ್ಚು ಮಾತ್ರ ಮನೆಯಿಂದ ಕೊಡಬೇಕಾಗುತ್ತದೆ ಎಂದೆ. ಅದಕ್ಕೆ ನಿಮ್ಮಿಂದ ಎಷ್ಟು ಆಗುತ್ತದೆ ಎಂಬ ಪ್ರಶ್ನೆ, ಪ್ರಿನ್ಸಿಪಾಲರು ಕೇಳಿದ ಅದೇ ಪ್ರಶ್ನೆ, ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೂಲೆಯಿಂದ ಶಿರಸ್ತೇದಾರರು ಪತ್ರಿಕೆ ಇಳಿಸಿ ತಾವೇ ಕೇಳಿಬಿಟ್ಟರು.

"ಊಟಕ್ಕ ನೀವು ತಿಂಗಳಾ ಎಷ್ಟ ಕೊಡ್ತೀರಿ, ಅದನ್ನ ಹೇಳ್ರಿ ಮೊದಲ."

ಬಸಲಿಂಗಪ್ಪ ಶಿರಸ್ತೇದಾರರನ್ನು ನೋಡಿದರು. ಮಗಳನ್ನು ನೋಡಿದರು. ನೀಲವ್ವ ನೆಲ ನೋಡಿದಳು.

ನಾನು ಕೋಟು ಹಾಕುವವನು. ನನ್ನ ಹೆಗಲ ಮೇಲೆ ವಸ್ತ್ರವಿಲ್ಲ. ಕೈಗೆ ಸಿಕ್ಕಿದ್ದು ಪೆಂಟೆಗೆ ಸುತ್ತಿದ ಬಟ್ಟೆ. ಅದನ್ನು ಬಿಡಿಸಿ, ಬಸಲಿಂಗಪ್ಪನವರ ಕೈಯ ಮೇಲೆ ಹೊದಿಸಿ, ನನ್ನ ಕೈಯನ್ನು ಒಳಗೆ ಇಟ್ಟೆ. "ಈ ಸಲ ಮಮದಾಪುರದಾಗ ಮಳಿ ಹ್ಯಾಂಗ್ರಿ?" ಎಂದೆ.

ಅವರು ಬೆಚ್ಚಿ ನನ್ನನ್ನು ನೋಡಿದರು. ಜೀವಮಾನವೆಲ್ಲ ಬೆಲ್ಲ ಮಾರಿದ ಮನುಷ್ಯ. ಅವರಿಗೆ ಯಾವುದನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ಅಡ್ಡಿ ಇಲ್ರಿ, ಬಿತ್ತಿಗಿ ನಡದೈತಿ" ಎಂದರು. ಅವರ ಬೆರಳು ನನ್ನ ಬೆರಳನ್ನು ಒತ್ತಿತು. ಎಷ್ಟು ಎಂದು ನೀವು ಕೇಳಬೇಡಿ, ನಾನು ಹೇಳುವುದಿಲ್ಲ. ಇಷ್ಟು ವರ್ಷ ಸಲಹೆಯನ್ನಷ್ಟೇ ಕೊಟ್ಟವನು ನಾನು. ಒತ್ತುವ ಮೊದಲು ಒಂದು ಗಳಿಗೆ ನನ್ನ ಪಗಾರ, ನನ್ನ ಮನೆ ಎಲ್ಲ ಕಣ್ಣ ಮುಂದೆ ಬಂದವು. ಆಮೇಲೆ ಅವರು ಒತ್ತದೆ ಬಿಟ್ಟಷ್ಟು ಬೆರಳುಗಳನ್ನು, ಐದು ತುಂಬುವಂತೆ, ಅವರ ಕೈಯಲ್ಲಿ ನಾನು ಒತ್ತಿದೆ. ವಸತಿಯ ಖರ್ಚಿನಲ್ಲಿ ಅಷ್ಟು ನನ್ನ ಪಾಲು.

ಬಸಲಿಂಗಪ್ಪನವರ ಕಣ್ಣು ತುಂಬಿದವು. ಆದರೆ ಬಜಾರಿನ ಮನುಷ್ಯ, ಬಾಯಲ್ಲಿ ಮಳೆಯನ್ನು ಬಿಡಲಿಲ್ಲ: "ಹಿಂಗ ಹಿಡದ್ರ ಚಲೋ ಬೆಳಿ ಬರ್ತೈತ್ರಿ."

"ಎಷ್ಟಂತ್ರಿ?" ಎಂದರು ಶಿರಸ್ತೇದಾರರು.

"ವ್ಯವಹಾರ ಕೂಡಿತು" ಎಂದೆ. ನೀಲವ್ವ ತಲೆ ಎತ್ತಿದಳು.

ಬಟ್ಟೆ ಸರಿಸಿದೆ. ಕೈ ಬಿಡಿಸಿಕೊಳ್ಳಲು ಹೋದರೆ ಬೇಗ ಬಿಡಲಿಲ್ಲ. ಬೆವರಿದ ಬೆಲ್ಲ ಇಬ್ಬರ ಬೆರಳಿಗೂ ಅಂಟಿತ್ತು.